ಬ್ಯಾಂಕ್ ಮಾವ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಬ್ಯಾಂಕ್ ಮಾವ ಕಣ್ಣಿಗೆ ಬೀಳುತ್ತಾರೆ. ನಿವೃತ್ತರಾಗಿ ವರ್ಷಗಳೇ ಕಳೆದರೂ ಜೇಬಿನ ಪೆನ್ನು ನಿವೃತ್ತವಾಗಿಲ್ಲ. ಮುಯ್ಯಿ ಕವರಿಗೆ ನೋಟು ಸೇರಿಸುವ ಮುಂಚೆ ಬೆರಳು ಒದ್ದೆ ಮಾಡಿಕೊಂಡು ಎರಡೆರಡು ಸಲ ಎಣಿಸುತ್ತಾರೆ. ಇರುವುದು ಐದೇ ನೋಟಾದರೂ ಸರಿ. ಎಲೆಅಡಿಕೆ ಬಾಯಿಗೆ ಬಿದ್ದ ಮೇಲೆ ಅವರ ದೃಷ್ಟಿ ಬಿ.ಕಾಂ. ಮುಗಿಸಿದ ಹುಡುಗರನ್ನು ಹುಡುಕುತ್ತದೆ. “ಎಷ್ಟು ಪರ್ಸೆಂಟಪ್ಪಾ?” ಹುಡುಗ ತೊಂಬತ್ತು ಅಂದರೂ ಐವತ್ತು ಅಂದರೂ ತೀರ್ಪು ಒಂದೇ: “ಕಣ್ಮುಚ್ಕೊಂಡು ಬ್ಯಾಂಕ್ ಎಕ್ಸಾಮ್ ಬರಿ. ಲೈಫ್ ಸೆಟ್ಲು.” ಹಾಗಾದರೆ ಪರ್ಸೆಂಟು ಕೇಳಿದ್ದಾದರೂ ಯಾಕೆ ಎಂದು ವಿಚಾರಿಸುವ ಧೈರ್ಯ ಯಾರಿಗೂ ಇಲ್ಲ. ಹುಡುಗನ ಅಪ್ಪನ ಬೋರ್‌ವೆಲ್ ಸಾಲಕ್ಕೆ ಸಹಿ ಹಾಕಿದವರು ಅವರೇ ಆಗಿರುತ್ತಾರೆ.

ಮಾವನ ಮಾತು ಸುಳ್ಳಲ್ಲ ಎನ್ನುವುದೇ ತೊಂದರೆ. 1969ರಲ್ಲಿ 14 ಬ್ಯಾಂಕುಗಳು, 1980ರಲ್ಲಿ ಇನ್ನೂ 6 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ, ಸಿಂಡಿಕೇಟ್ ಮೊದಲನೇ ಪಟ್ಟಿಯಲ್ಲಿ. ವಿಜಯಾ, ಕಾರ್ಪೊರೇಷನ್ ಎರಡನೆಯದರಲ್ಲಿ. ಹಳ್ಳಿಗಳಿಗೆ ಶಾಖೆ ಬಂತು, ಶಾಖೆಗೆ ಜನ ಬೇಕಾದರು. ತೆಂಗಿನ ತೋಟದ ಮನೆಯ ಹುಡುಗ ಕ್ಯಾಷಿಯರಾಗಿ ಸೇರಿ, ಮ್ಯಾನೇಜರಾಗಿ, ಎಸ್.ಎಸ್. ಪುರಂನಲ್ಲಿ ಮನೆ ಕಟ್ಟಿ, ತಂಗಿಯರ ಮದುವೆ ಮಾಡಿದ. ಕಣ್ಣೆದುರಿಗೆ ಇಂಥ ಪುರಾವೆ ಇಟ್ಟುಕೊಂಡವರಿಗೆ ಬೇರೆ ದಾರಿ ಕಾಣದಿದ್ದರೆ ಬೈಯಲಾಗದು. ಅದೂ ಅಲ್ಲದೆ, ಲೇಖನ ಬರೆಯುವವರ ಸಲಹೆಗಿಂತ ಅವರ ಸಲಹೆಗೆ ತೂಕ ಜಾಸ್ತಿ. ಅವರಿಗೆ ಪಿಂಚಣಿ ಬರುತ್ತದೆ.

ಆದರೆ ಆ ಪಿಂಚಣಿ ಹುಡುಗನಿಗೆ ಬರುವುದಿಲ್ಲ. 2010ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಬ್ಯಾಂಕು ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್.ಪಿ.ಎಸ್. ಮಾತ್ರ. ಮಾವ ಇಂದಿಗೂ ‘ನಮ್ಮ ಮೈಸೂರು ಬ್ಯಾಂಕು’ ಎನ್ನುತ್ತಾರೆ. 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬೋರ್ಡಿನಡಿ ಹೋದವು. ಅವರ ಕಾಲದ ಮ್ಯಾನೇಜರಿಗೆ ಯಾರ ತೋಟದಲ್ಲಿ ಎಷ್ಟು ಮರ ಇದೆ ಎನ್ನುವುದು ಬಾಯಿಪಾಠವಾಗಿತ್ತು. ಈಗ ಸಾಲ ಕೇಳಿ ಬಂದವನ ಮುಖಕ್ಕಿಂತ ಮೊದಲು ಸಿಬಿಲ್ ಸ್ಕೋರ್ ಕಾಣಿಸುತ್ತದೆ. ಈ ಮಾತು ಬಂದಾಗ ಮಾವನ ದನಿ ಸ್ವಲ್ಪ ತಗ್ಗುತ್ತದೆ. ಆಗ ಅವರ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ. ಮರುಕ್ಷಣವೇ ಇನ್ನೊಬ್ಬ ಹುಡುಗ ಸಿಕ್ಕಿ, ಕೆಲಸ ಸುಲಭವಾಗುತ್ತದೆ.

ಮಾವನ ಪ್ರಕಾರ ಉಳಿದ ದಾರಿಗಳು ದಾರಿಗಳೇ ಅಲ್ಲ. ಸಿ.ಎ. ಅಂದರೆ “ಅದು ಆಯಸ್ಸು ತಿನ್ನುತ್ತೆ ಕಣಯ್ಯಾ.” ಇದು ಪೂರ್ತಿ ನಿಜವಲ್ಲ. ಶೇಕಡ 55 ಅಂಕ ಪಡೆದ ಬಿ.ಕಾಂ. ಪದವೀಧರ ಫೌಂಡೇಷನ್ ಪರೀಕ್ಷೆ ಬಿಟ್ಟು ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. 2023ರ ಜುಲೈಯಿಂದ ಆರ್ಟಿಕಲ್‌ಶಿಪ್ ಮೂರರ ಬದಲು ಎರಡೇ ವರ್ಷ. ಪರ್ಸೆಂಟು ಕೇಳಿದ್ದಕ್ಕೆ ಅರ್ಥ ಬರುವುದು ಇಲ್ಲೇ, ಮಾವ ಇಲ್ಲಿಗೆ ಬರುವುದಿಲ್ಲ ಅಷ್ಟೆ. ಮಂಡಿಪೇಟೆಯ ವರ್ತಕರ ಲೆಕ್ಕ ಬರೆಯುವ ಟ್ಯಾಲಿ ಕೆಲಸವನ್ನು ಅವರು ‘ಗುಮಾಸ್ತಿಕೆ’ ಎಂದು ತಳ್ಳಿಹಾಕುತ್ತಾರೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಆ ಗುಮಾಸ್ತನ ಕೈಯಲ್ಲಿ ತಿಂಗಳ 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು. ಅವನು ರಜೆ ಹಾಕಿದರೆ ಅಡಿಕೆ ಸಾಹುಕಾರರಿಗೆ ನಿದ್ದೆ ಬರುವುದಿಲ್ಲ. ಮೈಕ್ರೋಫೈನಾನ್ಸ್ ಬಗ್ಗೆ ಮಾತ್ರ ಮಾವನ ಮುಖ ಸಿಂಡರಿಸುವುದಕ್ಕೆ ಕಾರಣವಿದೆ. ಬೆಳಗ್ಗೆ ಬೈಕು ಹತ್ತಿ ಹಳ್ಳಿಯ ಮಹಿಳಾ ಸಂಘಗಳಲ್ಲಿ ಕಂತು ಎತ್ತುವ ಕೆಲಸ ಅದು. ಕಿರುಕುಳದ ದೂರುಗಳು ಹೆಚ್ಚಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಮೇಲಿನವರ ಟಾರ್ಗೆಟ್ಟಿಗೆ ಬೈಗುಳ ತಿನ್ನುವವನು ಮನೆ ಬಾಗಿಲಿಗೆ ಹೋದ ಹುಡುಗ.

“ಬ್ಯಾಂಕ್ ನೌಕರಿ ಅಲ್ಲದವನಿಗೆ ಹೆಣ್ಣು ಯಾರು ಕೊಡ್ತಾರೆ?” ಎನ್ನುವುದು ಮಾವನ ಕೊನೆಯ ಬಾಣ, ಬಲವಾದದ್ದೂ ಹೌದು. ಪ್ರತಿ ತಿಂಗಳು ತಪ್ಪದೆ ಬರುವ ಸಂಬಳ ಬಡವರ ಮನೆಗೆ ಸಣ್ಣ ವಿಷಯವಲ್ಲ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಈಗ ಕನ್ನಡದಲ್ಲೇ ಬರೆಯಬಹುದು ಎನ್ನುವುದೂ ಅವರ ಪಕ್ಷಕ್ಕೇ ಸೇರುತ್ತದೆ. ನನ್ನ ತಕರಾರು ಬ್ಯಾಂಕಿನ ಮೇಲಲ್ಲ, ಕಣ್ಮುಚ್ಚುವುದರ ಮೇಲೆ. ಐ.ಬಿ.ಪಿ.ಎಸ್. ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 28, ಪಿ.ಒ.ಗೆ 30 ವಯಸ್ಸಿನ ಗಡಿ. ಕೋಚಿಂಗ್ ಕೋಣೆಯಲ್ಲಿ ವರ್ಷಕ್ಕೆ ವರ್ಷ ಸೇರಿಸಿ ಆ ಗಡಿ ದಾಟಿದವನ ಕೈಯಲ್ಲಿ ಶಾರ್ಟ್‌ಕಟ್ ಗಣಿತ ಉಳಿಯುತ್ತದೆ. ಅಷ್ಟೇ ವರ್ಷ ಆಡಿಟರ್ ಆಫೀಸಿನಲ್ಲಿ ಕೂತವನು ಸಿ.ಎ. ಪಾಸಾಗದಿದ್ದರೂ ನಾಲ್ಕು ಅಂಗಡಿಗಳ ಲೆಕ್ಕ ನೋಡಿ ಬದುಕುತ್ತಾನೆ. ಆದರೆ ಆರ್ಟಿಕಲ್‌ಶಿಪ್ಪಿನ ಸ್ಟೈಪೆಂಡಿನಲ್ಲಿ ಸಂಸಾರ ನಡೆಯುವುದಿಲ್ಲ. ಹಾಗಾಗಿ ಯಾವ ದಾರಿ ದೊಡ್ಡದು ಎನ್ನುವುದಕ್ಕಿಂತ, ಮನೆ ಎಷ್ಟು ವರ್ಷ ಕಾಯಬಲ್ಲದು ಎನ್ನುವುದೇ ಮೊದಲ ಪ್ರಶ್ನೆ. ಸಾಲ ಕೊಡುವಾಗ ಮರುಪಾವತಿ ಶಕ್ತಿ ಅಳೆಯದೆ ಒಂದು ರೂಪಾಯಿಯನ್ನೂ ಬಿಚ್ಚದಿದ್ದ ಮಾವ, ಸಲಹೆ ಕೊಡುವಾಗ ಇದೊಂದನ್ನು ಕೇಳುವುದಿಲ್ಲ.

ಕಾಯಲು ಆಗುವ ಮನೆಯ ಹುಡುಗ, ಹುಡುಗಿ ಆಡಿಟರ್ ಆಫೀಸಿಗೆ ಹೋಗಲಿ. ಆಗದವರು ಟ್ಯಾಲಿ ಕೆಲಸ ಹಿಡಿದು, ರಾತ್ರಿ ಬ್ಯಾಂಕ್ ಪರೀಕ್ಷೆಗೆ ಓದಲಿ. ಇದು ತೀರ್ಮಾನವಾಗಬೇಕಾದರೆ ಅಪ್ಪ ಅಮ್ಮ ಒಂದು ಕೆಲಸ ಮಾಡಬೇಕು. ಮೂರು ವರ್ಷ ಯಾವ್ಯಾವುದೋ ಕಂಪನಿಯ ಬ್ಯಾಲೆನ್ಸ್ ಶೀಟ್ ಓದಿದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಸ್ವಂತ ಮನೆಯ ಲೆಕ್ಕವನ್ನು ಯಾರೂ ತೋರಿಸುವುದಿಲ್ಲ. ಕೊಬ್ಬರಿ ಎಷ್ಟಕ್ಕೆ ಹೋಯಿತು, ಸೊಸೈಟಿ ಸಾಲ ಎಷ್ಟು ಬಾಕಿ, ಒಡವೆ ಯಾವ ಬ್ಯಾಂಕಿನಲ್ಲಿದೆ ಎನ್ನುವುದನ್ನು ಫಲಿತಾಂಶ ಬಂದ ವಾರವೇ ಕೂರಿಸಿಕೊಂಡು ಹೇಳಿ.