ನನ್ನ ಪೃಷ್ಠಕ್ಕೊಂದು ಬಹಿರಂಗ ಪತ್ರ

ಮಾನ್ಯ ಪೃಷ್ಠ ಮಹಾಶಯರೇ,

ನಲವತ್ತಾರು ವರ್ಷ ಜೊತೆಗಿದ್ದೂ ತಮಗೆ ಒಂದು ಸಾಲು ಬರೆದವನಲ್ಲ. ಮುಖಾಮುಖಿ ಕೂತು ಮಾತಾಡೋಣವೆಂದರೆ ದೇವರು ನಮ್ಮಿಬ್ಬರನ್ನು ಹಾಗೆ ಜೋಡಿಸಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ಕಾರಿನ ಹುಚ್ಚಿರುವವರ ನಡುವೆ ತಮಗಿರುವ ಗೌರವ ತಮಗೇ ಗೊತ್ತಿರಲಿಕ್ಕಿಲ್ಲ. ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರಕ್ಕೆ ಅವರು ‘ಡೈನೋ’ ಎನ್ನುತ್ತಾರೆ. ತಮಗೆ ‘ಬಟ್ ಡೈನೋ’ ಎಂಬ ಬಿರುದು ಕೊಟ್ಟಿದ್ದಾರೆ. ಅಸಲಿ ಡೈನೋದಲ್ಲಿ ಕಾರನ್ನು ರೋಲರುಗಳ ಮೇಲೆ ಕಟ್ಟಿ ನಿಂತಲ್ಲೇ ಓಡಿಸಬೇಕು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಲಾಗದು. ತಾವೋ, ನಾನು ಹೋದಲ್ಲೆಲ್ಲ ಬರುತ್ತೀರಿ. ಬ್ಯಾಟರಿ ಬೇಡ, ಚಾರ್ಜರ್ ಬೇಡ, ಜಿಎಸ್‌ಟಿ ಇಲ್ಲ.

ತಮ್ಮ ಸೇವಾ ದಾಖಲೆಯನ್ನು ಒಮ್ಮೆ ತಿರುವಿ ನೋಡೋಣ. ಮೊದಲು ಏರ್ ಫಿಲ್ಟರ್ ಬದಲಿಸಿದೆ. ಎಂಜಿನ್ ಗಾಳಿ ಎಳೆಯುವಾಗ ನಾಗರಹಾವಿನಂತೆ ಭುಸ್ಸೆಂದಿತು. ‘ಪಿಕಪ್ ಬಂದಿದೆ’ ಎಂದು ತಾವು ಅಲ್ಲೇ ಪ್ರಮಾಣಪತ್ರ ಬರೆದಿರಿ. ಆಮೇಲೆ ಸೈಲೆನ್ಸರ್ ಬದಲಾಯಿತು. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ತಾವು ‘ಇನ್ನೂ ಪಿಕಪ್’ ಎಂದಿರಿ. ಮೂರನೆಯದು ಆಕ್ಸಿಲರೇಟರ್ ಪೆಡಲಿನ ವೈರಿಗೆ ಸಿಕ್ಕಿಸುವ ಡಬ್ಬಿ. ಕಾಲುಭಾಗ ಒತ್ತಿದರೆ ಅರ್ಧ ಒತ್ತಿದ್ದಾನೆಂದು ಎಂಜಿನ್ನಿಗೆ ಚಾಡಿ ಹೇಳುವುದಷ್ಟೇ ಅದರ ಉದ್ಯೋಗ. ಪೆಡಲನ್ನು ಪೂರ್ತಿ ತುಳಿದಾಗ ಡಬ್ಬಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒಂದು ಕುದುರೆಯೂ ಹೆಚ್ಚುವುದಿಲ್ಲ. ತಮಗೆ ಮಾತ್ರ ಲಾಯದಲ್ಲಿ ಹತ್ತು ಹೊಸ ಕುದುರೆ ಕೆನೆದದ್ದು ಕೇಳಿಸಿತು.

ಬಿಲ್ಲಿನ ಮೊತ್ತ ಏರಿದಷ್ಟೂ ತಮ್ಮ ರೀಡಿಂಗ್ ಏರುವುದನ್ನು ಗಮನಿಸಿದ್ದೇನೆ. ಪರ್ಸು ಹಿಂದಿನ ಜೇಬಿನಲ್ಲಿ ತಮಗೆ ಅಂಟಿಕೊಂಡೇ ಇರುವುದರಿಂದ, ನಿಮ್ಮಿಬ್ಬರಲ್ಲಿ ಏನೋ ಒಳಒಪ್ಪಂದ ಇರಬೇಕು.

ನಾನಂತೂ ತಮ್ಮನ್ನು ನಂಬಿಕೊಂಡೇ ಇರುತ್ತಿದ್ದೆ. ಆದರೆ ಮನೆಯಾಕೆ ಬಿಲ್ಲುಗಳನ್ನು ಜೋಡಿಸಿಕೊಂಡು ಕೇಳಿದಳು: “ಪಿಕಪ್ ಎಷ್ಟು ಹೆಚ್ಚಾಯ್ತು?” “ತುಂಬಾ” ಎಂದೆ. “ತುಂಬಾ ಅಂದ್ರೆ ಎಷ್ಟು?” ಉತ್ತರಕ್ಕೆ ತಾವು ಒದಗಲಿಲ್ಲ. ವಿಧಿಯಿಲ್ಲದೆ ತಮ್ಮ ಹುದ್ದೆಗೆ ಅರ್ಜಿ ಕರೆದೆ.

ಮೊದಲು ಬಂದದ್ದು ಸ್ಪೀಡೋಮೀಟರ್, ಜೊತೆಗೆ ಫೋನಿನ ಸ್ಟಾಪ್‌ವಾಚ್. ಈ ಮುಳ್ಳಿಗೆ ಉತ್ಪ್ರೇಕ್ಷೆ ಮಾಡಲು ಕಾನೂನಿನದೇ ಅನುಮತಿಯಿದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಹೆಚ್ಚಾದರೆ ಹತ್ತನೇ ಒಂದು ಭಾಗ, ಮೇಲೆ 4 ಕಿಲೋಮೀಟರ್‌ವರೆಗೆ ಮಾಫಿ. ಮುಳ್ಳು 100 ಮುಟ್ಟಿದಾಗ ಕಾರು 88ರ ಆಸುಪಾಸಿನಲ್ಲಿದ್ದರೂ ಯಾರೂ ಕೇಳುವಂತಿಲ್ಲ. ತಮ್ಮ ದಾಯಾದಿಯೇ ಸರಿ, ಕೈಬಿಟ್ಟೆ.

ಎರಡನೆಯದು ಸ್ಟೀರಿಂಗ್ ಕೆಳಗಿನ ಒಬಿಡಿ ಕಿಂಡಿಗೆ ಚುಚ್ಚುವ ಬ್ಲೂಟೂತ್ ಡಾಂಗಲ್. ಎಂಜಿನ್ನಿಗೆ ಏನು ಕಾಯಿಲೆ ಎಂದು ತಿಳಿಯಲು ಒಳ್ಳೆಯ ವೈದ್ಯ. ಆದರೆ ಆ ಕಿಂಡಿಯಿಂದ ವೇಗ ಬರುವುದು 0ಯಿಂದ 255ರವರೆಗಿನ ಪೂರ್ಣಾಂಕಗಳಲ್ಲಿ, ಅದೂ ಪುರುಸೊತ್ತಾದಾಗ. ದಶಾಂಶ ಓದದ ಗುಮಾಸ್ತನಿಗೆ ಅರ್ಧ ಸೆಕೆಂಡಿನ ವ್ಯಾಜ್ಯ ಒಪ್ಪಿಸಲಾದೀತೇ?

ಮೂರನೆಯದು ಮುಂದಿನ ಗಾಜಿಗೆ ಹಲ್ಲಿಯಂತೆ ಕಚ್ಚಿಕೊಳ್ಳುವ ಆಕ್ಸಿಲರೋಮೀಟರ್. ಕಾರಿನ ತೂಕ ಹೇಳಿದರೆ ವೇಗೋತ್ಕರ್ಷವನ್ನೂ ವೇಗವನ್ನೂ ಗುಣಿಸಿ ಅಶ್ವಶಕ್ತಿಯನ್ನೇ ಹೇಳಿಬಿಡುತ್ತದೆ. ಒಂದೇ ತೊಡಕು: ಕಾರು ನುಗ್ಗುವಾಗ ಮೂತಿ ಮೇಲೆತ್ತುತ್ತದೆ. ಒಂದು ಡಿಗ್ರಿ ಎತ್ತಿದರೂ ಭೂಮಿಯ ಸೆಳೆತದಲ್ಲಿ (ಅದೇ ‘ಜಿ’) 0.017 ಪಾಲು ಲೆಕ್ಕಕ್ಕೆ ನುಸುಳುತ್ತದೆ. ಕಾರಿನ ನಿಜವಾದ ನುಗ್ಗು 0.3 ಜಿ ಇದ್ದರೆ ಹತ್ತಿರಹತ್ತಿರ 6 ಪರ್ಸೆಂಟ್ ಬಿಟ್ಟಿ ಲಾಭ! ತೂಕವನ್ನು ನಾನೇ ತುಂಬಬೇಕಾದ್ದರಿಂದ ಪ್ರಾಮಾಣಿಕತೆಯೂ ನನ್ನದೇ. ಆಮಿಷ ದೊಡ್ಡದು, ಕಷ್ಟಪಟ್ಟು ಬೇಡವೆಂದೆ.

ಕೊನೆಗೆ ಜಿಪಿಎಸ್. ರೈಲಿನ ಸಿಳ್ಳೆ ಹತ್ತಿರ ಬರುವಾಗ ಒಂದು ಶ್ರುತಿ, ದೂರ ಸರಿಯುವಾಗ ಇನ್ನೊಂದು. ಉಪಗ್ರಹದ ಸಂಕೇತದಲ್ಲಿ ಆಗುವ ಇಂಥದೇ ಶ್ರುತಿಭೇದ ಹಿಡಿದು ಇದು ವೇಗ ಹೇಳುತ್ತದೆ. ಚಕ್ರ ಜಾರಿದರೂ ಮೂತಿ ಎತ್ತಿದರೂ ಮೋಸಹೋಗದು. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಕಣ್ಣು ಬಿಡುತ್ತದೆ. ಅಷ್ಟರಲ್ಲಿ ನಮ್ಮ ಲಾಭ ನಷ್ಟ ಎರಡೂ ದಾಟಿಹೋಗಿರುತ್ತವೆ. ಇದಕ್ಕೆಂದೇ ಮಾಡಿದ ಬೆಂಕಿಪೊಟ್ಟಣದಂಥ ಡ್ರ್ಯಾಗಿ ಪೆಟ್ಟಿಗೆಗಳ ಸಾದಾ ಮಾದರಿಗಳು ಸೆಕೆಂಡಿಗೆ 10 ಸಲ, ಇಂಗ್ಲೆಂಡಿನ ರೇಸ್‌ಲಾಜಿಕ್ ಕಂಪನಿಯ ವಿಬಾಕ್ಸ್ ಸ್ಪೋರ್ಟ್ 20 ಸಲ ನೋಡುತ್ತವೆ. 10 ಸಲದ್ದೇ ನನ್ನ ಯೋಗ್ಯತೆಗೆ ಸಾಕೆನಿಸಿತು.

ನಿಖರತೆಯೊಂದೇ ಮುಖ್ಯವಾದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳಿವೆ. ಅಳತೆ ಉಚಿತ, ರಸೀದಿ ಮನೆಗೇ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ವೇಗಪರೀಕ್ಷೆಗೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಮೂರು ತಿಂಗಳವರೆಗೆ ಊಟ ವಸತಿಯನ್ನೂ ಕೊಡಿಸೀತು. ಅದಕ್ಕೇ ನಾನು ಗೆಳೆಯನ ಕಾರ್ಖಾನೆಯ ಕಾಂಪೌಂಡಿನೊಳಗಿನ ನೇರ ರಸ್ತೆಯನ್ನು ಭಾನುವಾರ ಬೆಳಿಗ್ಗೆ ಬೇಡಿ ಪಡೆದೆ.

ಪೆಟ್ಟಿಗೆ ಕೊಂಡರೂ ಕಳ್ಳಾಟಕ್ಕೆ ದಾರಿಗಳಿವೆ ಎಂದು ಆಗ ಗೊತ್ತಾಯಿತು. ‘ರೋಲ್‌ಔಟ್’ ಎಂಬ ಸೆಟ್ಟಿಂಗ್ ಒತ್ತಿದರೆ, ಅಮೆರಿಕದ ಡ್ರ್ಯಾಗ್ ರೇಸಿನ ಸಂಪ್ರದಾಯದಂತೆ ಮೊದಲ ಒಂದು ಅಡಿ ಲೆಕ್ಕಕ್ಕಿಲ್ಲ, ಸುಮಾರು 0.3 ಸೆಕೆಂಡ್ ಅಲ್ಲೇ ಮಾಯ. ನೂರಡಿಗೆ ಒಂದಡಿ ಇಳಿಜಾರು ಸಿಕ್ಕರೆ ಇನ್ನಷ್ಟು. ಎಲ್ಲಕ್ಕಿಂತ ಸೊಗಸಾದದ್ದು ಘಟ್ಟ ಇಳಿಯುವುದು. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಫಿಲ್ಟರ್ ಹಾಕುವ ಮುನ್ನ ಇಲ್ಲಿ ಅಳೆದು, ಹಾಕಿದ ಮೇಲೆ ಮಂಗಳೂರಿನಲ್ಲಿ ಅಳೆದರೆ, ಟರ್ಬೋ ಇಲ್ಲದ ಎಂಜಿನ್ನಿಗೆ ಸಮುದ್ರ ಕೊಟ್ಟ ಬಲವೆಲ್ಲ ಫಿಲ್ಟರಿನ ಖಾತೆಗೆ ಜಮಾ.

ಆದ್ದರಿಂದ ಶಿಸ್ತು ಪಾಲಿಸಿದೆ. ಅದೇ ರಸ್ತೆ, ಅದೇ ಹೊತ್ತು, ಅಷ್ಟೇ ಪೆಟ್ರೋಲು, ಅಷ್ಟೇ ಟೈರ್ ಗಾಳಿ. ಕ್ಲಚ್ ಬಿಡುವ ನನ್ನ ಕೈಚಳಕ, ಅಲ್ಲ ಕಾಲ್ಚಳಕ, ಲೆಕ್ಕಕ್ಕೆ ಬಾರದಿರಲೆಂದು ನಿಂತಲ್ಲಿಂದ ಹೊರಡದೆ, ಮೂರನೇ ಗೇರಿನಲ್ಲೇ 40ರಿಂದ 80ರವರೆಗೆ ಎಳೆಸಿದೆ. ಹೋಗುತ್ತಾ ಐದು ಸಲ, ಬರುತ್ತಾ ಐದು ಸಲ. ಹಳೆಯ ಫಿಲ್ಟರನ್ನೇ ಮತ್ತೆ ಸಿಕ್ಕಿಸಿ ಹತ್ತು ಸಲ, ಹೊಸದರಲ್ಲಿ ಹತ್ತು ಸಲ.

ಎರಡರ ನಡುವಿನ ಅಂತರ, ಒಂದೇ ಫಿಲ್ಟರಿನ ಎರಡು ಓಟಗಳ ನಡುವಿನ ಅಂತರಕ್ಕಿಂತ ಕಡಿಮೆಯಿತ್ತು. ಅಂದರೆ, ತಾವು ಪ್ರಮಾಣಪತ್ರ ಕೊಟ್ಟದ್ದು ಭುಸ್ ಶಬ್ದಕ್ಕೆ.

ಇಷ್ಟಕ್ಕೇ ನಿಂತಿದ್ದರೆ ತಮಗೆ ಪತ್ರ ಬರೆಯುತ್ತಿರಲಿಲ್ಲ. ಮರುವಾರ ಮತ್ತೆ ಅಳೆದಾಗ ಕಾರು ಸುಮಾರು 0.3 ಸೆಕೆಂಡ್ ಬೇಗ ಓಡಿತು. ಹತ್ತೂ ಸಲ! ನಾನು ಏನನ್ನೂ ಬದಲಿಸಿರಲಿಲ್ಲ. ಮನೆಗೆ ಬಂದು ಹೇಳಿದರೆ ಆಕೆ ತಣ್ಣಗೆ, “ಊರಿಂದ ತಂದ ಅಕ್ಕಿ ಮೂಟೆ ಎರಡೂ ಡಿಕ್ಕಿಯಲ್ಲೇ ಕೊಳೀತಿದ್ವು, ಶುಕ್ರವಾರ ಇಳಿಸಿಸಿದೆ” ಎಂದಳು. 25 ಕಿಲೋದ ಎರಡು ಮೂಟೆ. ಅಕ್ಕಿ ಇಳಿಸಿದಾಗ ಎಂಜಿನ್ ಭುಸ್ ಎನ್ನಲಿಲ್ಲ, ನಾಯಿಗಳು ಏಳಲಿಲ್ಲ, ಬಿಲ್ಲೂ ಬರಲಿಲ್ಲ. ತಾವು ಅದೇ ಸೀಟಿನಲ್ಲಿ ಕೂತಿದ್ದೂ ಒಂದಕ್ಷರ ಹೇಳಲಿಲ್ಲ. ಬಾರದ ಪಿಕಪ್ಪಿಗೆ ಮೂರು ಸಲ ಕುಣಿದವರು, ಬಂದ ಪಿಕಪ್ಪನ್ನು ಗುರುತಿಸಲೇ ಇಲ್ಲ.

ಆದರೂ ತಮ್ಮನ್ನು ಹುದ್ದೆಯಿಂದ ತೆಗೆಯುತ್ತಿಲ್ಲ. ತೆಗೆಯುವ ದಾರಿಯೂ ನನಗೆ ತಿಳಿಯದು. ಆದರೆ ಕಾರಿನಿಂದ ಇಳಿಸಬಹುದಾದ ಮುಂದಿನ ಭಾರ ಯಾವುದೆಂದು ಲೆಕ್ಕ ಹಾಕುತ್ತಿದ್ದೇನೆ. ಡಿಕ್ಕಿ ಖಾಲಿಯಾಗಿದೆ. ನನ್ನ ತೂಕ 92 ಕಿಲೋ. ಅದರಲ್ಲಿ 15 ಕಿಲೋ ಹೆಚ್ಚುವರಿ ಎಂದು ಡಾಕ್ಟರು ಬಹಳ ದಿನದಿಂದ ಹೇಳುತ್ತಿದ್ದಾರೆ, ಮತ್ತು ಅದರ ದೊಡ್ಡ ಪಾಲು ಇರುವುದು ತಮ್ಮ ಹೆಸರಿನಲ್ಲೇ.

ನಾಳೆ ಬೆಳಿಗ್ಗೆ ಆರಕ್ಕೆ ವಾಕಿಂಗ್. ಸಿದ್ಧರಾಗಿರತಕ್ಕದ್ದು.

ಇತಿ,
ಸದಾ ತಮ್ಮ ಮೇಲೆಯೇ ಕುಳಿತಿರುವ,
ಕಾರಿನ ಮಾಲೀಕ

ತಾ.ಕ.: ಪರ್ಸನ್ನು ಇಂದಿನಿಂದ ಷರ್ಟಿನ ಜೇಬಿಗೆ ವರ್ಗಾಯಿಸಲಾಗಿದೆ.