ಬೋಂಡಾದ ಜಿಡ್ಡು, ಬ್ಯಾಟರಿಯ ತೂಕ

ನಮ್ಮ ಮನೆಯ ಈಶಾನ್ಯ ಮೂಲೆಯಲ್ಲಿ ಎನರ್ಜಿಯೇ ಇಲ್ಲವಂತೆ. ಹಾಗೆಂದು ತೀರ್ಪು ಕೊಟ್ಟವರು ಸೋದರಮಾವ. ಆ ಮೂಲೆಯಲ್ಲಿರುವುದು ಹಳೇ ಪೇಪರ್ ಕಟ್ಟು, ಕೆಟ್ಟುಹೋದ ಮಿಕ್ಸಿ, ಗೃಹಪ್ರವೇಶಕ್ಕೆ ಬಂದು ಇನ್ನೂ ಯಾರಿಗೂ ದಾಟಿಸಲಾಗದ ಗೋಡೆ ಗಡಿಯಾರ. ಎಲ್ಲವೂ ಶುದ್ಧ ದ್ರವ್ಯ. ಜಾಗ ಹಿಡಿಯುವುದು, ತೂಕ ತೂಗುವುದು ದ್ರವ್ಯ. ಕೆಲಸ ಮಾಡುವ ಸಾಮರ್ಥ್ಯ ಶಕ್ತಿ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದವನು ನಾನು. ಊಟ ಮುಗಿಸಿ ಸೋಫಾದ ಉದ್ದಕ್ಕೂ ಮಲಗಿದ್ದ ಮಾವ ಯಾವ ಪಟ್ಟಿಗೆ ಸೇರುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಹಾಗಂತ ಮಾವನನ್ನೇ ದೂರುವಂತಿಲ್ಲ. ರಸಾಯನಶಾಸ್ತ್ರದ ಪಿತಾಮಹ ಲವಾಸಿಯೆ 1789ರಲ್ಲಿ ಕೊಟ್ಟ ಮೂಲವಸ್ತುಗಳ ಪಟ್ಟಿಯಲ್ಲಿ ಆಮ್ಲಜನಕ, ಜಲಜನಕಗಳ ಪಂಕ್ತಿಯಲ್ಲೇ ಬೆಳಕಿಗೂ ಶಾಖಕ್ಕೂ ಎಲೆ ಹಾಕಿದ್ದ. ಅವನ್ನು ಪಂಕ್ತಿಯಿಂದ ಎಬ್ಬಿಸಲು ಮುಂದಿನವರಿಗೆ ದಶಕಗಳೇ ಹಿಡಿದವು. ಎಬ್ಬಿಸಿ ಉಸ್ಸಪ್ಪಾ ಎನ್ನುವಷ್ಟರಲ್ಲಿ, 1905ರಲ್ಲಿ, ಐನ್‌ಸ್ಟೈನ್ ಬಂದು ಶಕ್ತಿಗೂ ತೂಕವುಂಟು ಎಂದ. ಅಂದರೆ ಚಾರ್ಜ್ ತುಂಬಿದ ಫೋನು ಚಾರ್ಜ್ ಮುಗಿದ ಫೋನಿಗಿಂತ ಭಾರ! ಇದು ಗೊತ್ತಾದ ಮೇಲೂ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಚಾರ್ಜ್ ಮಾಡುವಾಗ ಹೊರಗಿನಿಂದ ಒಂದು ಎಲೆಕ್ಟ್ರಾನೂ ಹೆಚ್ಚಿಗೆ ಬಂದು ಕೂರುವುದಿಲ್ಲ. ಬ್ಯಾಟರಿಯೊಳಗಿನ ಲಿಥಿಯಂ ಈ ಕಡೆಯಿಂದ ಆ ಕಡೆಗೆ ಸರಿಯುತ್ತದೆ, ಅಷ್ಟೆ. ಏರುವ ತೂಕವೆಲ್ಲ ಬರೀ ಶಕ್ತಿಯದು. ಎಷ್ಟು? 15 ವಾಟ್-ಅವರ್ ಬ್ಯಾಟರಿ ಎಂದರೆ 54,000 ಜೂಲ್; ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಬರುವುದು 0.6 ನ್ಯಾನೊಗ್ರಾಂ. ಒಂದು ಮಿಲಿಗ್ರಾಮನ್ನು ಸುಮಾರು 17 ಲಕ್ಷ ಚೂರು ಮಾಡಿ, ಒಂದೇ ಒಂದು ಚೂರು ಎತ್ತಿಕೊಳ್ಳಿ. ಅಂಗಡಿಯ ಯಾವ ತಕ್ಕಡಿಗೂ ಇದು ದಕ್ಕುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೇ, ಫೋನನ್ನು ನೂರಕ್ಕೆ ನೂರು ತುಂಬಿಸಿಕೊಂಡು ಬಂಗಾರದ ಅಂಗಡಿಗೆ ಹೋದೆ.

"ಮಾರೋದಾ, ಅಡ ಇಡೋದಾ?" ಎಂದರು ಅಂಗಡಿಯವರು.

"ತೂಕ ಹಾಕೋದು."

ಅವರು ಫೋನನ್ನು ನೋಡಿ, ಅದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನೋಡಿ, ತಕ್ಕಡಿಯ ಗಾಜಿನ ಬಾಗಿಲು ಸರಿಸಿದರು. ಫ್ಯಾನ್ ಆಫ್ ಮಾಡಿ ಎಂದೆ. ಮಾಡಿದರು. ಬಳೆ ಆರಿಸುತ್ತಿದ್ದ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಆ ಗಾಳಿಯೂ ಲೆಕ್ಕಕ್ಕೆ ಬರುತ್ತದೆ ಎನ್ನುವ ಧೈರ್ಯ ಬರಲಿಲ್ಲ. ನಾನು ಉಸಿರು ಬಿಗಿಹಿಡಿದೆ. ನನ್ನನ್ನು ನೋಡಿ ಅಂಗಡಿಯ ಹುಡುಗನೂ ಹಿಡಿದ. ಅಂಕಿಗಳು ಕುಣಿದು ಕುಣಿದು ಇನ್ನೇನು ನಿಲ್ಲಬೇಕು, ಫೋನು ತಕ್ಕಡಿಯ ಮೇಲೇ ಗುರ್ರೆಂದು ನಡುಗಿತು. ಪರ್ಸನಲ್ ಲೋನಿನವರು! ಇವರಿಗೆ ಮಾತ್ರ ಯಾವ ಮೂಲೆಯಲ್ಲೂ ಎನರ್ಜಿಗೆ ಬರವಿಲ್ಲ. ಏರೋಪ್ಲೇನ್ ಮೋಡ್‌ಗೆ ಹಾಕಿ ಮತ್ತೆ ಇಟ್ಟೆ. 191.342 ಗ್ರಾಂ. ಹುಡುಗ ಉಸಿರು ಬಿಟ್ಟ.

ಇನ್ನು ಚಾರ್ಜ್ ಖಾಲಿ ಮಾಡಬೇಕು. ಪಕ್ಕದ ದರ್ಶಿನಿಯಲ್ಲಿ ಹಾಡಹಗಲೇ ಟಾರ್ಚ್ ಹಚ್ಚಿ, ಬ್ರೈಟ್‌ನೆಸ್ ಏರಿಸಿ, ಮೊದಲೇ ಇಳಿಸಿಟ್ಟಿದ್ದ ರಾಜ್‌ಕುಮಾರ್ ಸಿನಿಮಾ ಹಾಕಿಕೊಂಡು ಬೋಂಡಾ ತಿನ್ನುತ್ತ ನಿಂತೆ. ಸಿನಿಮಾ ಮುಗಿಯಿತು, ಬ್ಯಾಟರಿ ಮುಗಿಯಲಿಲ್ಲ. ಇನ್ನೊಂದು ಪ್ಲೇಟ್ ಹೇಳಿದೆ.

ವಾಪಸ್ ಹೋದಾಗ ತಕ್ಕಡಿಯಲ್ಲಿ ಯಾವುದೋ ಅಜ್ಜಿಯ ಮೂಗುತಿ ಇತ್ತು. "700 ಮಿಲಿ, ಅಜ್ಜಿ" ಎಂದರು. ಆ ಅಂಕಿ ಕೇಳಿ ನನ್ನ ಹುಡುಗಾಟ ನಿಂತುಹೋಯಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಹಾಕಿದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ಒಡೆದದ್ದು ಒಂದು ಕಿಲೋಗೂ ಕಡಿಮೆ. ತೂಕದಿಂದ ಕಳೆದು ಶಕ್ತಿಯಾಗಿ ಹೊರಬಿದ್ದದ್ದು ಸುಮಾರು 700 ಮಿಲಿಗ್ರಾಂ. ಒಂದು ಊರಿಗೆ ಅಷ್ಟು ಸಾಕಾಯಿತು. ಅಜ್ಜಿ ಮೂಗುತಿಯನ್ನು ತಿರುಗಿ ಹಾಕಿಕೊಳ್ಳಲಿಲ್ಲ. ದುಡ್ಡು ಎಣಿಸಿಕೊಂಡು ಹೋದರು.

"ನಿಮ್ದು ಇಡಿ ಸಾರ್."

191.350. ಎಂಟು ಮಿಲಿ ಜಾಸ್ತಿ! ಶಕ್ತಿ ಕಳೆದುಕೊಂಡ ಫೋನು ಭಾರವಾಗಿತ್ತು. ಐನ್‌ಸ್ಟೈನನ ಮೇಲೆ ಕೈಮಾಡುವ ಮುನ್ನ ಫೋನನ್ನು ಬೆಳಕಿಗೆ ಹಿಡಿದೆ. ಗಾಜಿನ ತುಂಬ ಬೋಂಡಾದ ಎಣ್ಣೆಯಲ್ಲಿ ಅಚ್ಚಾದ ನನ್ನ ಬೆರಳುಗಳು, ಅಂಚಿನಲ್ಲಿ ಒಣಗಿದ ಚಟ್ನಿ.

"ಎಷ್ಟು ಕಮ್ಮಿ ಬರಬೇಕಿತ್ತು ಸಾರ್?" ಎಂದು ಅಂಗಡಿಯವರೇ ಬಟ್ಟೆ ತೆಗೆದು ಒರೆಸತೊಡಗಿದರು. ಹೇಳಿದೆ. 17 ಲಕ್ಷ ಚೂರಿನ ಲೆಕ್ಕವನ್ನೂ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು ತಲೆಯಾಡಿಸಿದರು.

"ಇಷ್ಟು ಕಮ್ಮಿ ವೇಸ್ಟೇಜ್ ಹಾಕಿದ್ರೆ ನಮಗೆ ಗಿಟ್ಟಲ್ಲ ಸಾರ್."