ಆರಿದ ಬೆಂಕಿಗೆ ಅರ್ಜೆಂಟು

ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋದ ನಮ್ಮವರಿಗೆ ಒಂದು ಸಮಾಧಾನವಿದೆ: ಅಲ್ಲಿ ದೇವರುಗಳಿಗೆ ಬರವಿಲ್ಲ. ಕಣಿವೆಯೊಳಗಿನ ಶಿಖರಗಳಿಗೆ ಬ್ರಹ್ಮ, ವಿಷ್ಣು, ಶಿವ ಎಂದೇ ಹೆಸರು. ತಳದ ಕಪ್ಪು ಬಂಡೆಯೂ ವಿಷ್ಣುವಿನ ಹೆಸರಿನದೇ. ವಯಸ್ಸು ಸುಮಾರು 170 ಕೋಟಿ ವರ್ಷ. ಇಷ್ಟು ಹಿರಿಯರು ಕೂತು ನೋಡುತ್ತಿರುವಾಗಲೇ 2025ರ ಜುಲೈ 4ರಂದು, ಅಮೆರಿಕವೆಲ್ಲ ಸ್ವಾತಂತ್ರ್ಯದ ಪಟಾಕಿ ಹಚ್ಚುವ ದಿನ, ಉತ್ತರ ದಂಡೆಯ ಕಾಡಿಗೆ ಸಿಡಿಲು ಬಡಿಯಿತು.

ಬೆಂಕಿಗೆ 'ಡ್ರ್ಯಾಗನ್ ಬ್ರಾವೊ' ಎಂದು ನಾಮಕರಣವಾಯಿತು. ಹೆಸರಿಟ್ಟ ಮೇಲೆ ಮನೆಮಗುವೇ ತಾನೆ? ಆಡಿಕೊಳ್ಳಲಿ, ಅಂಗಳ ದಾಟದಿದ್ದರೆ ಸಾಕು ಎಂದು ಅಲ್ಲಿನ ಅಧಿಕಾರಿಗಳು ಸುಮಾರು ಒಂದು ವಾರ ಗೆರೆ ಹಾಕಿ ಕಾದರು. ಲೆಕ್ಕ ಪೂರಾ ತಪ್ಪೇನಲ್ಲ. ಅಲ್ಲಿನ ಪಾಂಡೆರೋಸಾ ಪೈನ್ ಕಾಡಿಗೆ ಆಗಾಗ ನೆಲ ಸವರಿಕೊಂಡು ಹೋಗುವ ಸಣ್ಣ ಬೆಂಕಿ ಬೇಕು. ದಶಕಗಟ್ಟಲೆ ಕಿಡಿ ಕಂಡಲ್ಲೆಲ್ಲ ಆರಿಸಿದ್ದರಿಂದಲೇ ತರಗು, ಕುರುಚಲು ಪೇರಿಕೊಂಡದ್ದು. ಆದರೆ ಗಾಳಿ ಈ ಶಾಸ್ತ್ರ ಓದಿರಲಿಲ್ಲ. ಬೀಸಿತು. ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸೇರಿ ಹತ್ತಾರು ಕಟ್ಟಡ ಬೂದಿ; ಕೊನೆಗೆ ಸುಟ್ಟದ್ದು ಸುಮಾರು 1,45,000 ಎಕರೆ.

ಆಮೇಲೆ ಶುರುವಾಯಿತು ಅವಸರ. ಉತ್ತರ ದಂಡೆಯ ಮರುನಿರ್ಮಾಣಕ್ಕೆ ಗುತ್ತಿಗೆ ನಿಯಮಗಳ ಗಂಟು ಸಡಿಲಿಸಬೇಕೆಂದು ಅರಿಜೋನಾದ ಸೆನೆಟರ್‌ಗಳಾದ ಮಾರ್ಕ್ ಕೆಲ್ಲಿ, ರೂಬೆನ್ ಗಯೇಗೊ ಮಸೂದೆ ತಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಬಾಗಿಲು ಬೇಗ ಆಗಲೆಂದು ಬಡಗಿಯ ಕಾಗದಪತ್ರವನ್ನೂ ಹಗುರ ಮಾಡುವುದು.

ಅವಸರಕ್ಕೆ ಕಾರಣವಿಲ್ಲವೆಂದಲ್ಲ. ಎಂಟು ಸಾವಿರ ಅಡಿ ಎತ್ತರದ ಜಾಗ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಮುಚ್ಚುತ್ತದೆ. ಗಾರೆ ಕಲಸಲು ಸಿಗುವುದು ಕೆಲವೇ ತಿಂಗಳು. ಆದರೆ ಬೇಗ ಕಟ್ಟಿಸುವ ಮಸೂದೆಯೂ ಸಮಿತಿ, ಸೆನೆಟ್, ಕೆಳಮನೆ, ಅಧ್ಯಕ್ಷರ ಮೇಜು ಎಂದು ನಾಲ್ಕು ಕಡೆ ಸರದಿಯಲ್ಲಿ ನಿಲ್ಲಬೇಕು. ಅದನ್ನು ಬೇಗ ಸಾಗಿಸುವ ಮಸೂದೆಯನ್ನು ಯಾರು ತರುವುದು? ಬಜೆಟ್ ಜಗಳದಲ್ಲಿ ಆ ವರ್ಷ ಸರ್ಕಾರವೇ 43 ದಿನ ಬಾಗಿಲೆಳೆದುಕೊಂಡಿತ್ತು. ಹಾಗೆಂದು ಮತ್ತೆ ಕಟ್ಟಲಾಗದ್ದೇನಲ್ಲ: ಇದೇ ಲಾಡ್ಜ್ 1932ರಲ್ಲೂ ಸುಟ್ಟಿತ್ತು. ಮಹಾ ಆರ್ಥಿಕ ಕುಸಿತದ ಕಾಲದಲ್ಲೂ 1937ಕ್ಕೆ ಎದ್ದು ನಿಂತಿತ್ತು.

ಲಾಡ್ಜಿನೊಳಗೆ ಬ್ರೈಟಿ ಎಂಬ ಕಂಚಿನ ಕತ್ತೆಯಿತ್ತು. ಮೂಗು ಸವರಿದರೆ ಅದೃಷ್ಟವಂತೆ. ಮೈಯೆಲ್ಲ ಮಂಕಾಗಿದ್ದರೂ, ಬಂದವರೆಲ್ಲ ಸವರಿ ಸವರಿ ಮೂಗು ಮಾತ್ರ ಥಳಥಳ ಹೊಳೆಯುತ್ತಿತ್ತು. ಅವಶೇಷದ ನಡುವೆ ಅದು ಜಖಂಗೊಂಡು ಸಿಕ್ಕಿತು. ಊರಿಗೆಲ್ಲ ಅದೃಷ್ಟ ಹಂಚಿದ ಕತ್ತೆ ತನಗೆಂದು ಒಂದಿಷ್ಟೂ ಇಟ್ಟುಕೊಂಡಿರಲಿಲ್ಲ.

ಕತ್ತೆ ರಿಪೇರಿಯಾದೀತು, ಲಾಡ್ಜೂ ಎದ್ದೀತು. ಉದ್ಘಾಟನೆಗೆ ಟೇಪು ಕತ್ತರಿಸುವವರೂ ಬಂದಾರು. ಪೈನ್ ಬೀಜ ಮಾತ್ರ ಗೆಜೆಟ್ ಓದುವುದಿಲ್ಲ; ಅದು ಹೆಮ್ಮರವಾಗಲು ಇನ್ನೂರು ವರ್ಷ ಹಿಡಿದರೂ ಯಾರೂ ಕೇಳುವಂತಿಲ್ಲ. ಬೆಂಕಿಗೆ ಮೊದಲೇ ತರಗು ಗುಡಿಸುವ ಕೆಲಸಕ್ಕೆ ಟೇಪೂ ಇಲ್ಲ, ಕತ್ತರಿಯೂ ಇಲ್ಲ, ಹಾಗಾಗಿ ಅರ್ಜೆಂಟೂ ಇಲ್ಲ. ತರಗು ಮಾತ್ರ ಯಾರ ಸಹಿಗೂ ಕಾಯದೆ ವರ್ಷವರ್ಷವೂ ಹೊತ್ತಿಗೆ ಸರಿಯಾಗಿ ಬೀಳುತ್ತದೆ.